ಮೂಡುಬದಿಯ ತಟ್ಟಿ

ಮೊದಲು ಬೆನ್ನೊಳಗೆ ಚಳಿ ಹೊಕ್ಕಿತು. ಆಮೇಲೆ ಕಣ್ಣುಗುಡ್ಡೆ ನೋವು.

ಹಿಂದಿನ ದಿನ ಕುಮಟೆಯಿಂದ ಬರುವಾಗ, ಎರಚಲಿಗೆ ಹೆದರಿ ಬಸ್ಸಿನ ತಾಡಪತ್ರಿ ಪರದೆ ಇಳಿಬಿಡಿಸಿದವನು ನಾನೇ. ಪಕ್ಕದವ ಹೊನ್ನಾವರದ ತನಕ ಸೀನಿದ. ನನಗೆ ಒಂದು ಹನಿ ಮಳೆನೀರೂ ತಾಗಲಿಲ್ಲ.

ಈ ಐವತ್ತೇಳನೇ ಇಸವಿಯ ಫ್ಲೂ ಅದು. ಪೇಪರಿನಲ್ಲಿ ಓದಿದ್ದೆ. ಮದ್ರಾಸು, ಮುಂಬಯಿ ನೋಡಿದ ಕಾಯಿಲೆ ಮಂಕಿಯೆಂಬ ಹಳ್ಳಿಯ ಶಾಲಾ ಮಾಸ್ತರನಾದ ನನ್ನ ಮನೆ ಹುಡುಕಿಕೊಂಡು ಬರುವಷ್ಟು ಸಸಾರದ್ದಲ್ಲ ಎಂದುಕೊಂಡಿದ್ದೆ.

ನಮ್ಮ ಕಡೆ ಮಳೆಗಾಲಕ್ಕೆ ಜಗಲಿಯ ಸುತ್ತ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಾರೆ. ಗಾಳಿಗೆಂದು ಪೂರ್ವದ ಮೂಡುಬದಿ ಮಾತ್ರ ತೆರೆದಿಡುತ್ತಾರೆ. ತಂಡಿಯಿಂದಲೇ ಜ್ವರ ಎಂಬುದು ನನ್ನ ಸಿದ್ಧಾಂತ. ಮೂಡುಬದಿಯನ್ನೂ ಮುಚ್ಚಿಸಿದೆ. ಒಳಗೆ ಬೆಂಕಿ ಬಾಣಲೆ, ನಾನು, ನನ್ನ ಹೆತ್ತ ಆಯಿ.

ಹೆಂಡತಿ ನಾಗವೇಣಿ ಮಳೆಯಲ್ಲೇ ಭತ್ತದ ಸಸಿಯ ನಟ್ಟಿಗೆ ಗದ್ದೆಗೆ ಹೊರಟಳು. ತಡೆದೆ.

"ಮಳೆಗೆ ಕರಗೂಕೆ ನಾ ಎಂತ ಬೆಲ್ಲವಾ? ನೀವು ಮೊದ್ಲು ಆಯೀನ ಆಚೆ ಮಲಗ್ಸಿ."

ಅವಳು ಹೊರಟೇಹೋದಳು. ಹೆಂಗಸರ ಮಾತು ಎಂದು ನಾನು ಮುಸುಕೆಳೆದೆ.

ಆಯಿಯೂ ಹೇಳಿದಳು: "ತಮಾ, ಆ ತಟ್ಟಿ ಒಂದು ಬಿಚ್ಚಾ. ಉಸಿರು ಕಟ್ತದೆ."

"ತಂಡಿ ಹೊಡೀತದೆ ಆಯೀ" ಎಂದೆ. ಕೆಮ್ಮುತ್ತ ಎಂದೆ. ಅವಳ ಮುಖಕ್ಕೆ ಮುಖ ಕೊಟ್ಟು.

ಐದನೇ ದಿನ ನನ್ನ ಜ್ವರ ಇಳಿಯಿತು.

ಆಯಿಗೆ ಏರಿತು.

ಡಾಕ್ಟರು ಹೊನ್ನಾವರದಿಂದ ಹೊಳೆ ದಾಟಿ ಬಂದರು. ಸ್ಟೆತಾಸ್ಕೋಪು ಇಟ್ಟು "ನ್ಯುಮೋನಿಯಾ" ಎಂದರು. ಪೆನಿಸಿಲಿನ್ ಚುಚ್ಚಿದರು. ಆಮೇಲೆ ಸುತ್ತ ನೋಡಿದರು.

"ಇದೆಂತ ಮಾಸ್ತರ್ರೇ, ಮನೆಯಾ, ಡಬ್ಬಿಯಾ?"

"ಮಳೆ ಡಾಕ್ಟರ್ರೇ. ಮಳೆಗೆ ತಾನೇ ಜ್ವರ..."

"ಮಳೇಲಿ ನೆನೆದವ್ರು ಗದ್ದೇಲಿ ಆರಾಮಿದ್ರು. ಮಳೆಗೆ ಹೆದ್ರಿ ಒಳಗೆ ಒತ್ತಿ ಕೂತವ್ರ ಮನೆಗೇ ನಾ ಓಡಾಡೂದು."

ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿದ ನಾನು ತಲೆ ತಗ್ಗಿಸಿ ಪಾಠ ಕೇಳಿದೆ. ತಡವಾಗಿ ಬಂದ ವಿದ್ಯಾರ್ಥಿ.

ಮಾರನೇ ದಿನ ಆಯಿ ಹೋದಳು.

ನಾಗವೇಣಿಗೆ ಒಂದು ಸೀನೂ ಬರಲಿಲ್ಲ. ಅದು ಗದ್ದೆಯ ಗಾಳಿಯೋ, ಅವಳ ಅದೃಷ್ಟವೋ. ನಾನು ಸಿದ್ಧಾಂತ ಮಾಡುವುದನ್ನು ಬಿಟ್ಟಿದ್ದೇನೆ. ನೆಂಟರು ಬಂದು, "ಎಂತ ಮಾಡೂದು, ಈ ಸಲದ ಮಳೆ ಮುದುಕೀನ ಕೊಂಡುಹೋಯ್ತು" ಎಂದು ಸಮಾಧಾನ ಹೇಳಿದರು. ಮಳೆ, ಪಾಪ, ಹೊರಗೇ ಇತ್ತು. ಅದು ಒಳಗೆ ಬಾರದಂತೆ ಸಕಲ ವ್ಯವಸ್ಥೆಯೂ ಆಗಿತ್ತಲ್ಲ.

ಈಗ ಕಾಲಿಗೆ ತ್ರಾಣ ಬಂದಿದೆ. ಗಂಜಿ ರುಚಿಸುತ್ತದೆ. ಅಷ್ಟಕ್ಕೆ ಕೃತಜ್ಞ, ಯಾರಿಗೆ ಎಂದು ಕೇಳಬೇಡಿ.

ನಿನ್ನೆ ಮೂಡುಬದಿಯ ತಟ್ಟಿ ಬಿಚ್ಚಿದೆ. ಗಾಳಿ ಒಳಗೆ ಬಂತು. ಅದರ ಹಿಂದೆ ಸಣ್ಣಗೆ ಎರಚಲು. ಆಯಿ ಮಲಗುತ್ತಿದ್ದ ಜಾಗ ಒದ್ದೆಯಾಯಿತು.

ನಾಗವೇಣಿ ಬಟ್ಟೆ ಹಿಡಿದು ಒರೆಸಲು ಬಂದಳು.

"ಇರ್ಲಿ ಬಿಡು" ಎಂದೆ.