ಕಾಕಾ ಸಿಕ್ಕಾ ಹೊಡೆದ ಮರ

ಕಾಕಾನ ಬಲಗೈ ಬೆರಳುಗಳು ಸದಾ ಕಪ್ಪಾಗಿರುತ್ತಿದ್ದವು. ಹಸಿ ತೊಗಟೆಯ ಒಗರು ರಸಕ್ಕೆ ಕಬ್ಬಿಣ ತಗಲಿ ಹತ್ತಿದ ಕಪ್ಪು ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಕಡಿಯಬೇಕಾದ ಮರದ ತೊಗಟೆ ಕೆತ್ತಿ, ಬುಡಕ್ಕೊಂದು ಎದೆಮಟ್ಟಕ್ಕೊಂದು ಸರ್ಕಾರಿ ಸುತ್ತಿಗೆಯ ಗುರುತು ಒತ್ತುವುದು ಅವರ ಕೆಲಸ. ಊರವರು ಅದನ್ನು ಸಿಕ್ಕಾ ಎನ್ನುತ್ತಿದ್ದರು. ಸಿಕ್ಕಾ ಇಲ್ಲದ ಮರಕ್ಕೆ ಕೊಡಲಿ ಮುಟ್ಟಿಸುವಂತಿರಲಿಲ್ಲ.

ನಾನು ಚಿಕ್ಕೇರೂರಿನ ಬಯಲಿನಿಂದ ಹಾನಗಲ್ ಕಡೆಯ ಆ ಅಡವಿ ಅಂಚಿನ ಹಳ್ಳಿಗೆ ಸೊಸೆಯಾಗಿ ಬಂದದ್ದು ದೊಡ್ಡ ಯುದ್ಧ ಶುರುವಾದ ವರ್ಷ. ಗಂಡ ದಿಮ್ಮಿ ಹೇರಿಕೊಂಡು ಯಲವಿಗಿ ಸ್ಟೇಶನ್ನಿಗೆ ಬಂಡಿ ಹೊಡೆಯುತ್ತಿದ್ದ. ಹೋದರೆ ಬೇಗ ಬರುತ್ತಿರಲಿಲ್ಲ. ಅತ್ತೆಗೆ ಕಿವಿ ಮಂದ, ಬಾಯಿ ಮಾತ್ರ ಚುರುಕು. ನನ್ನೊಡನೆ ನಾಲ್ಕು ಮಾತಾಡುವ ಜೀವವೆಂದರೆ ಪಕ್ಕದ ಸರ್ಕಾರಿ ಕೋಣೆಯಲ್ಲಿದ್ದ ಈ ಅಡವಿ ಗಾರ್ಡ್. ಸವಣೂರಿನವರು, ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಊರಿಗೆಲ್ಲ ಸಾಹೇಬ, ನನಗೆ ಕಾಕಾ. ಹಿತ್ತಲ ಬೇಲಿಗಲ್ಲಿನ ಮೇಲೆ ನಾನು ಮಜ್ಜಿಗೆ ಇಟ್ಟರೆ, ತಂಬಿಗೆ ಕವಳಿ ಹಣ್ಣು ತುಂಬಿಕೊಂಡು ಮರಳಿ ಬರುತ್ತಿತ್ತು.

ಊರಲ್ಲಿ ಅವರಿಗೆ ಒಬ್ಬ ಗೆಳೆಯನೂ ಇರಲಿಲ್ಲ. ಕಡಿಯಬೇಕೆನ್ನುವವರಿಗೆ ಅವರ ‘ಬ್ಯಾಡ’ ಸೇರುತ್ತಿರಲಿಲ್ಲ. ಕಡಿಯಲೇಬಾರದೆನ್ನುವ ಕುರಿಗಾರರಿಗೂ ಜೇನು ಬಿಡಿಸುವವರಿಗೂ ಅವರ ‘ಹೂಂ’ ಸೇರುತ್ತಿರಲಿಲ್ಲ. ಕಟ್ಟೆಯ ಮೇಲೆ ಅವರು ಬಂದು ಕೂತರೆ ಉಳಿದವರಿಗೆಲ್ಲ ಮನೆಗೆಲಸ ನೆನಪಾಗುತ್ತಿತ್ತು. ಯಾವುದೇ ಮರವನ್ನು ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡದೆ ಅವರು ಸಿಕ್ಕಾ ಹೊಡೆಯುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದೆ.

“ಬ್ಯಾಸಗ್ಯಾಗ ನೋಡಿದ್ರ ಬರೇ ಕಟಗಿ ಕಾಣತೈತಿ, ಬೇಟಿ. ಮಳ್ಯಾಗ ನೋಡಿದ್ರ ಗಿಡ ಏನ ಕೆಲಸ ಮಾಡಾಕತ್ತೈತಿ ಅನ್ನೂದು ಕಾಣತೈತಿ,” ಎಂದರು.

ಗಂಡ ನನಗಾಗಿ ಮನೆಯ ಮಗ್ಗುಲಿಗೆ ಒಂದು ಕೋಣೆ ಕಟ್ಟಿದ. ಬಾಗಿಲಿಗೆ ಮರ ಬೇಕಿತ್ತು. ಬಾಗಿಲು ಹಾಕಿಕೊಂಡು ಒಂದು ಗಳಿಗೆ ಅಳುವುದಕ್ಕಾದರೂ ಜಾಗ ಸಿಗಲೆಂದು ನಾನು ಹಂಬಲಿಸುತ್ತಿದ್ದ ಕಾಲ. ಹಳ್ಳದ ದಂಡೆಯ ಮತ್ತಿ ಮರಗಳು ನೆಟ್ಟಗೆ, ಬಂಡಿ ದಾರಿಗೂ ಹತ್ತಿರ. ದಿಮ್ಮಿ ಗುತ್ತಿಗೆದಾರನ ಕಣ್ಣೂ ಅವುಗಳ ಮೇಲೆಯೇ ಇತ್ತು. ನಾನೇ ಬೇಲಿ ಹತ್ತಿರ ನಿಂತು ಒಂದನ್ನು ಕೇಳಿದೆ.

“ದಂಡಿ ಗಿಡ ಬ್ಯಾಡ. ಅವುಗಳ ಬೇರ ಹೋದ್ರ ದಂಡಿ ಕುಸದು ಮಡುವಿನ್ಯಾಗ ಬೀಳತೈತಿ, ಬ್ಯಾಸಗ್ಯಾಗ ನೀರ ನಿಲ್ಲಂಗಿಲ್ಲ,” ಎಂದರು ಕಾಕಾ. “ಗುಡ್ಡದ ಇಳಕಲದಾಗ ಒಂದ ಐತಿ. ಅದರ ಬುಡಕ ಮರಿಗೋಳು ಎದ್ದಾವು. ಅದನ್ನ ತಗದ್ರ ಅವಕ್ಕ ಬಿಸಲ ಸಿಗತೈತಿ.”

ಅದು ದೂರ, ಮೇಲಾಗಿ ಸೊಟ್ಟ. ನನಗೆ ಸಿಟ್ಟು ಬಂತು. ಕಾಕಾ ಸಿಕ್ಕಾ ಹೊಡೆದ ಮೇಲೆ ಗಂಡ ಬೈದುಕೊಂಡೇ ಹೋಗಿ ಅದನ್ನು ತಂದು ಹಲಗೆ ಕೊಯ್ಯಿಸಿದ. ಒಣಗಲೆಂದು ಹಲಗೆಗಳು ಗೋಡೆಗೆ ಆತು ನಿಂತವು. ಆ ಬೇಸಿಗೆ ಸುತ್ತಲಿನ ಹಳ್ಳಗಳೆಲ್ಲ ಬತ್ತಿದರೂ ನಮ್ಮ ಮಡುವಿನಲ್ಲಿ ನೀರಿತ್ತು. ಊರವರು ಊರದೇವತೆ ದ್ಯಾಮವ್ವನಿಗೆ ಉಡಿ ತುಂಬಿ ಬಂದರು. ಕಾಕಾನನ್ನು ಯಾರೂ ನೆನೆಯಲಿಲ್ಲ. ನಾನು ಮಾತ್ರ ಆ ದಿನ ದೊಡ್ಡ ತಂಬಿಗೆಯಲ್ಲೇ ಮಜ್ಜಿಗೆ ಇಟ್ಟೆ.

ಮಳೆ ಹಿಡಿದಾಗ ಅವರಿಗೆ ಚಳಿಜ್ವರ ಬಂತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ತಂಬಿಗೆ ಇಟ್ಟಂತೆಯೇ ಇತ್ತು.

ಬಂಕಾಪುರದಿಂದ ಅವರ ತಮ್ಮ ಬಂದ. ಗೋರಿಯೊಳಗೆ ದೇಹದ ಮೇಲೆ ಮಣ್ಣು ಬೀಳದಂತೆ ಹಲಗೆ ಹೊದಿಸುವುದು ಅವರ ಪದ್ಧತಿ. ಸರ್ಕಾರಿ ಡೆಪೋದಲ್ಲಿ ದಿಮ್ಮಿಗಳ ರಾಶಿಯೇ ಇತ್ತು, ಆದರೆ ಪಾಸು ಕೊಟ್ಟು ಬಿಡಬೇಕಾದವರೇ ಕಣ್ಣು ಮುಚ್ಚಿದ್ದರು. ಊರವರ ಅಟ್ಟಗಳಲ್ಲಿ ಹಲಗೆ ಇರಲಿಲ್ಲವೆಂದಲ್ಲ. ಆದರೆ ಕದ್ದು ಕಡಿದ, ಸಿಕ್ಕಾ ಇಲ್ಲದ ಮರದ್ದನ್ನು ಗಾರ್ಡನ ಹೆಣದ ಮುಂದೆ ತಂದಿಡುವ ಧೈರ್ಯ ಯಾರಿಗಿದ್ದೀತು?

“ಅಡವಿ ಕಾದವಗ ನಾಕ ಹಲಗಿ ಇಲ್ಲೇನ್ರಿ ಈ ಊರಾಗ?” ಎಂದು ಆ ತಮ್ಮ ನಮ್ಮ ಅಂಗಳದಲ್ಲಿ ನಿಂತು ಕೇಳಿದ.

ಗಂಡ ಯಲವಿಗಿ ದಾರಿಯಲ್ಲಿದ್ದ. ನಾನು ಗೋಡೆಯ ಕಡೆ ಕೈ ತೋರಿಸಿ, “ಒಯ್ರಿ ಅಣ್ಣಾರ,” ಎಂದೆ.

“ಹೊಸಾ ಖೋಲಿ ಬಾಗಲಾ ಹೆಣಕ್ಕ ಕೊಡತೀಯೇನ? ತಲಿ ನೆಟ್ಟಗೈತಿಲ್ಲೋ ನಿಂದು?” ಎಂದು ಅತ್ತೆ ಕೂಗಿದರು.

“ಅವರ ಆರಿಸಿ ಕೊಟ್ಟದ್ದೈತ್ರಿ ಅತ್ತಿ. ಅವರಿಗೇ ಹೋಗಲಿ.”

ಗಂಡ ಬಂದು ಖಾಲಿ ಗೋಡೆ ನೋಡಿದ. ನಡೆದದ್ದು ಹೇಳಿದೆ. ತನ್ನ ಕಂಬಳಿಯನ್ನೇ ಬಾಗಿಲ ಜಾಗಕ್ಕೆ ಇಳಿಬಿಟ್ಟ.

ಹೊಸ ಗಾರ್ಡ್ ಬೇಸಿಗೆಯಲ್ಲಿ ಬಂದ, ಆ ಬೇಸಿಗೆಯಲ್ಲೇ ದಂಡೆಯ ಮತ್ತಿಗಳಿಗೆಲ್ಲ ಸಿಕ್ಕಾ ಹೊಡೆದ. ರೆಂಬೆ ಕೊಂಬೆ ಒಲೆಗೆ ಸಿಕ್ಕವೆಂದು ಊರಿಗೆ ಹಿಗ್ಗು. ಒಂದೆರಡು ಮಳೆಗಾಲ ಕಳೆದ ಮೇಲೆ ದಂಡೆ ಕುಸಿದು ಮಡುವಿನಲ್ಲಿ ಹೂಳು ತುಂಬಿತು. ಹೋಳಿ ಹುಣ್ಣಿಮೆಗೆ ಮೊದಲೇ ಕೊಡ ಹೊತ್ತು ದೂರದ ಬಾವಿಗೆ ಹೋಗತೊಡಗಿದೆವು. “ದ್ಯಾಮವ್ವ ಮುನದಾಳ,” ಎಂದರು ಹೆಂಗಸರು. ದಂಡೆಯ ಬೇರುಗಳ ಮಾತು ಹೇಳಿದರೆ ತಿಳಿಯುವವರು ಈಗ ಬೇಲಿಯಾಚೆ ಇರಲಿಲ್ಲ.

ಆಮೇಲೆ ಬಾಗಿಲಿಗೆ ಮರದ ಕೊರತೆ ಇರಲಿಲ್ಲ. ಗಂಡ ಕೇಳಿದಾಗಲೆಲ್ಲ ಬೇಡವೆಂದೆ. ಮೊಮ್ಮಕ್ಕಳು ಈಗಲೂ ನಗುತ್ತಾರೆ, ಇದೆಂಥ ಕೋಣೆ ಅಜ್ಜಿ, ಪರದೆ ಕಟ್ಟಿದ್ದು ಎಂದು. ಬಾಗಿಲು ಇದೆ ಮಕ್ಕಳೇ, ಬೇರೆ ಕಡೆ ಇದೆ ಎನ್ನುತ್ತೇನೆ. ಕಾಕಾನ ಎದೆಯ ಮೇಲೆ ಮಣ್ಣು ಬೀಳದಂತೆ ತಡೆದು ನಿಂತಿತ್ತಲ್ಲ, ಅದೇ ನನ್ನ ಬಾಗಿಲು.