ಸ್ಲೊವೇನಿಯಾದ ಹಾಡಿನಲ್ಲಿ ನನ್ನ ಪಾಲು

ನನ್ನ ಹೆಂಡತಿ ಕೊನೆಯದಾಗಿ ಕಲಿತ ಹಾಡು ಸ್ಲೊವೇನಿಯಾ ದೇಶದ್ದು. ಆ ದೇಶವನ್ನು ನಾವು ನೋಡಿರಲಿಲ್ಲ. ಅಲ್ಲಿನ ಭಾಷೆಯ ಒಂದು ಪದವೂ ನಮಗೆ ತಿಳಿಯುತ್ತಿರಲಿಲ್ಲ.

ಯೂರೋಪಿನ ದೇಶಗಳು ಒಂದೊಂದು ಹಾಡು ಕಳಿಸಿ ಪ್ರತಿ ಮೇ ತಿಂಗಳು ಟಿವಿಯಲ್ಲಿ ಸ್ಪರ್ಧೆ ನಡೆಸುತ್ತವೆ. ನೈರೋಬಿಯ ಅವಳ ಆಫೀಸಿನಲ್ಲಿ ಯೂರೋಪಿನವರೇ ಹೆಚ್ಚು. ಫೈನಲ್ ದಿನ ಅವಳ ಮೇಲಧಿಕಾರಿ ಎಲ್ಲರನ್ನೂ ಸ್ಪ್ರಿಂಗ್ ವ್ಯಾಲಿಯ ತಮ್ಮ ಮನೆಗೆ ಕರೆಯುತ್ತಿದ್ದರು. ಮೊದಲೇ ಚೀಟಿ ಎತ್ತಿ ಒಬ್ಬೊಬ್ಬರಿಗೆ ಒಂದೊಂದು ದೇಶ. ಟಿವಿ ಹಾಕುವ ಮುನ್ನ ತಮಗೆ ಬಂದ ದೇಶದ ಹಾಡನ್ನು ಹಾಡಿ ತೋರಿಸಬೇಕು. ಉಳಿದವರು ಒಂದು ಸಾಲು ಗುನುಗಿ, ನಕ್ಕು, ಲೋಟ ಎತ್ತಿಕೊಳ್ಳುತ್ತಿದ್ದರು. ಇವಳು ಮಾತ್ರ ಪೂರ್ತಿ ಕಲಿತು ಹೋಗುತ್ತಿದ್ದಳು. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಸಂಗೀತ ಕಲಿತವಳು, ಅರೆಬರೆ ಹಾಡುವುದು ಅವಳಿಂದಾಗುತ್ತಿರಲಿಲ್ಲ.

ಆ ವರ್ಷ ಚೀಟಿ ಎತ್ತುವ ಹೊತ್ತಿಗೆ ಅವಳ ಶ್ವಾಸಕೋಶದ ಕಾಯಿಲೆ ಬಲಿತಿತ್ತು. ಪಂಗಾನಿ ಬಡಾವಣೆಯ ನಮ್ಮ ಫ್ಲಾಟಿಗೆ ಹತ್ತುವಾಗ ಮೆಟ್ಟಿಲ ಮೇಲೆಯೇ ಕೂತುಬಿಡುತ್ತಿದ್ದಳು. ಹಾಡಲು ಶುರು ಮಾಡಿದರೆ ಅರ್ಧ ಸಾಲಿಗೇ ಉಸಿರು ಮುಗಿಯುತ್ತಿತ್ತು.

"ಈ ಸಲ ಬಿಟ್ಬಿಡು" ಎಂದೆ.

"ಯಾಕ್ ಬಿಡ್ಲಿ? ನನ್ನ ಉಸಿರು ಎಲ್ಲಿ ಕೈ ಕೊಡತ್ತೋ ಅಲ್ಲಿಂದ ನೀವು ಎತ್ಕೊಳ್ಳಿ."

"ನನ್ನ ಶ್ರುತಿ ನಿಂಗೆ ಗೊತ್ತಲ್ಲ."

"ನಂಗೆ ಗೊತ್ತು. ಅವ್ರಿಗೆ ಗೊತ್ತಾಗಲ್ಲ ಬಿಡಿ."

ಅವಳ ಮೇಷ್ಟ್ರು ಅವಳಿಗೆ ಕಲಿಸಿದ್ದ ರೀತಿಯಲ್ಲೇ ನನಗೂ ಪಾಠವಾಯಿತು. ಅವಳು ಒಮ್ಮೆ ಹೇಳಿಕೊಡುವುದು, ನಾನು ಮೂರು ಸಲ ಹೇಳುವುದು. ನನ್ನ ಮಂಡಿಯ ಮೇಲೆ ಅವಳ ತಾಳ.

"ಬ್ಯಾಂಕಲ್ಲಿ ಟೋಕನ್ ನಂಬರ್ ಕೂಗೋ ಹಂಗೆ ಕೂಗ್ಬೇಡಿ ರೀ. ಅದು ಹಾಡು."

ಪ್ರತಿ ಸಾಲಿನ ಎರಡನೆಯ ಅರ್ಧವನ್ನಷ್ಟೇ ಕಲಿಸಿದಳು. ಒಂದು ದಿನ ಡಾಕ್ಟರ ಹತ್ತಿರ ಹೋಗಿ ಬರುವಾಗ ಕಾರು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿತ್ತು. ಪಕ್ಕದ ಮಟಾಟು ಬಸ್ಸಿನ ಸ್ಪೀಕರಿನ ಅಬ್ಬರಕ್ಕೆ ನಮ್ಮ ಗಾಜು ನಡುಗುತ್ತಿತ್ತು. "ಪೂರ್ತಿ ಕಲಿಸ್ಬಿಡು. ಅವತ್ತು ನಿಂಗೆ ಆಗ್ಲಿಲ್ಲ ಅಂದ್ರೆ ನಾನೇ ಹಾಡ್ತೀನಿ" ಎಂದೆ.

"ಪೂರ್ತಿ ಕಲಿಸಿದ್ರೆ ನನ್ನನ್ನ ಮನೇಲಿ ಮಲಗಿಸಿ ನೀವೊಬ್ರೇ ಹೋಗ್ತೀರಿ. ಅರ್ಧ ನನ್ ಹತ್ರಾನೇ ಇರ್ಲಿ."

ಫೋನಿನಲ್ಲಿ ಕೇಳಿ ನಾನೇ ಕಲಿಯಬಹುದಿತ್ತು. ಕಲಿಯಲಿಲ್ಲ. ಕಲಿತರೆ ಅವಳು ಬರುವುದಿಲ್ಲವೆಂದು ಒಪ್ಪಿಕೊಂಡ ಹಾಗಾಗುತ್ತಿತ್ತು.

ಫೈನಲ್ ವಾರದಲ್ಲಿ ಅವಳನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಶುಕ್ರವಾರ ಬೆಳಿಗ್ಗೆ ಮೇಲಧಿಕಾರಿ ಫೋನ್ ಮಾಡಿದರು. ಸ್ಲೊವೇನಿಯಾ ಸೆಮಿಫೈನಲ್‌ನಲ್ಲೇ ಸೋತಿತ್ತು. ಸೋತ ದೇಶದವರು ಹಾಡಲೇಬೇಕೆಂದಿಲ್ಲ, ಆರಾಮವಾಗಿರಲು ಹೇಳಿ ಎಂದರು. ನಾನು ಅದನ್ನು ಹೇಳಿದಾಗ ಅವಳು ಆಕ್ಸಿಜನ್ ಮಾಸ್ಕ್ ಸರಿಸಿದಳು.

"ಅವ್ರು ಸೋತ್ರೆ ನಾವ್ಯಾಕ್ರೀ ಬಿಡ್ಬೇಕು? ನಾಳೆ ಹೋಗೋಣ."

ಶನಿವಾರ ಅವಳಿಗೆ ಏಳಲಾಗಲಿಲ್ಲ. ಸಂಜೆ ಕಿಟಕಿಯ ಹೊರಗೆ ಮಳೆ ಹಿಡಿದಿತ್ತು. ಸ್ಪ್ರಿಂಗ್ ವ್ಯಾಲಿಯಲ್ಲಿ ಆಗಲೇ ಜನ ಸೇರಿರಬೇಕು. ಅವಳು ನನ್ನ ಅಂಗೈ ಹುಡುಕಿಕೊಂಡು ಅದರ ಮೇಲೆ ಬೆರಳಿನಿಂದ ತಟ್ಟತೊಡಗಿದಳು. ತಾಳವೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮಾಸ್ಕ್ ಸರಿಸಿ ಬಾಯಿ ತೆರೆದಳು. ಬರಿಯ ಗಾಳಿ ಬಂತು. ತುಟಿಗಳು ಮಾತ್ರ ಅವಳ ಅರ್ಧವನ್ನು ಆಡಿದವು. ಆಮೇಲೆ ಹುಬ್ಬೇರಿಸಿ ನನ್ನತ್ತ ನೋಡಿದಳು. ನನ್ನ ಅರ್ಧ ಹಾಡಿದೆ. ಮುಂದಿನ ಸಾಲಿನಲ್ಲೂ ಹಾಗೆಯೇ. ಅವಳ ಪಾಲು ಬಂದಾಗ ವಾರ್ಡಿನಲ್ಲಿ ಆಕ್ಸಿಜನ್‌ನ ಸದ್ದಷ್ಟೇ ಇರುತ್ತಿತ್ತು. ಅಲ್ಲಿ ಸುಮ್ಮನೆ ಕಾಯುವುದು ಬಿಟ್ಟು ನನಗೆ ಬೇರೇನೂ ಬರುತ್ತಿರಲಿಲ್ಲ. ಪರದೆ ಸರಿಸಿ ಬಂದ ನರ್ಸ್ ಹಾಡು ಮುಗಿಯುವವರೆಗೂ ನಿಂತಿದ್ದು, "ಪೋಲೆ, ಮಾಮಾ" ಎಂದು ಅವಳಿಗೆ ಸ್ವಾಹಿಲಿಯಲ್ಲಿ ಮೆಲ್ಲಗೆ ಸಮಾಧಾನ ಹೇಳಿ ಮಾಸ್ಕನ್ನು ಸರಿಯಾಗಿ ಕೂರಿಸಿದಳು.

"ಶ್ರುತಿ ಸೇರ್ತಾ?" ಎಂದು ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಕಣ್ಣು ನಗುತ್ತಿತ್ತು.

ಸೋಮವಾರ ಹೋದಳು.

ಆ ಹಾಡು ಈಗಲೂ ಫೋನಿನಲ್ಲಿ ಸಿಗುತ್ತದೆ. ಒಂದು ಸಲ ಹಾಕಿದ್ದೆ. ಹಾಡುವ ಹುಡುಗಿಗೆ ಒಳ್ಳೆಯ ದನಿ, ಉಸಿರಿಗೆ ಕೊರತೆಯೇ ಇಲ್ಲ. ಅವಳ ಅರ್ಧವನ್ನೂ, ನನ್ನ ಅರ್ಧವನ್ನೂ ಒಬ್ಬಳೇ ಎಲ್ಲಿಯೂ ನಿಲ್ಲದೆ ಹಾಡಿಕೊಂಡು ಹೋಗುತ್ತಾಳೆ.