ಚರಗದ ಹಿಂದಿನ ದನಿ

ದೆವ್ವ, ಆತ್ಮ ಎಂದರೆ ನಗುವವನು ನಾನು. ತಾವರಗೇರಾ ಹತ್ತಿರದ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಬೇವಿನ ಗಿಡದಲ್ಲಿ ದೆವ್ವ ಐತಿ ಎಂದಾಗ, ಅದೇ ಗಿಡದ ಕೆಳಗೆ ಕೂರಿಸಿ ಪಾಠ ಮಾಡಿದ್ದೇನೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಆ ಎಳ್ಳಮವಾಸ್ಯೆಯ ಮಧ್ಯಾಹ್ನ ನಡೆದದ್ದನ್ನು ಇಲ್ಲವೆನ್ನುವ ಧೈರ್ಯವೂ ನನಗಿಲ್ಲ.

ದುರಗೇಶ ನನ್ನ ಹೆಂಡತಿಯ ತಮ್ಮ, ಸೈನಿಕ. ಆಫ್ರಿಕಾಕ್ಕೆ ಹೋಗುವ ಶಾಂತಿಪಡೆಗೆ ಹೆಸರು ಬಂದಾಗ ರಜೆಯ ಮೇಲೆ ಊರಲ್ಲಿದ್ದ. "ಒಲ್ಲೆ ಅಂದ್ರ ಬಿಡ್ತಾರ, ಮಾವ. ಮನಸ್ಸ ಯಾಕೋ ಒಪ್ಪವಲ್ತು" ಎಂದ. ನಾನು ಬೆನ್ನು ಚಪ್ಪರಿಸಿ, "ಹೋಗೋ ಹುಚ್ಚಾ, ಪುಕ್ಕಟೆ ದೇಶ ನೋಡ್ತಿ" ಎಂದೆ. ಹೋದ. ಗಸ್ತಿನಲ್ಲಿದ್ದ ಅವರ ಗಾಡಿಯ ಮೇಲೆ ಬಂಡುಕೋರರು ಗುಂಡು ಹಾರಿಸಿದರು. ಧ್ವಜ ಹೊದಿಸಿದ ಪೆಟ್ಟಿಗೆಯಲ್ಲಿ ತಿರುಗಿ ಬಂದ. ತಮ್ಮನಿಗೆ ಹೋಗುವ ಮನಸ್ಸಿರಲಿಲ್ಲವೆಂಬುದು ನನ್ನ ಹೆಂಡತಿ ಹುಲಿಗೆಮ್ಮನಿಗೆ ಇವತ್ತಿಗೂ ಗೊತ್ತಿಲ್ಲ.

ಎಳ್ಳಮವಾಸ್ಯೆಗೆ ನಮ್ಮ ಕಡೆ ಹೊಲದಲ್ಲಿ ಚರಗ ಚೆಲ್ಲುತ್ತಾರೆ. ಮುಂದಿನವನು ಕಡುಬು, ಅನ್ನ ಕಲಸಿದ್ದನ್ನು ಭೂಮಿತಾಯಿಗೆ ಎರಚುತ್ತ "ಹುಲ್ಲುಲ್ಲಿಗೋ" ಎಂದು ಕೂಗಬೇಕು. ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ "ಚಲ್ಲಂಬ್ರಿಗೋ" ಎಂದು ಓಗೊಡಬೇಕು. ನಮ್ಮ ಹೊಲದಲ್ಲಿ ನಾನು ಮುಂದೆ, ರಜೆ ಸಿಕ್ಕರೆ ದುರಗೇಶ ಹಿಂದೆ. ಕಳ್ಳ, ಅರ್ಧ ನೀರನ್ನು ನನ್ನ ಬೆನ್ನಿಗೇ ಹೊಡೆಯುತ್ತಿದ್ದ.

ಅವನು ತೀರಿಹೋದ ವರ್ಷ ಹಬ್ಬ ಯಾರಿಗೂ ಬೇಡವಾಗಿತ್ತು. ಭೂಮಿತಾಯಿಯನ್ನು ಉಪವಾಸ ಇಡಬಾರದೆಂದು ನಾವಿಬ್ಬರೇ ಹೋದೆವು. ಹುಲಿಗೆಮ್ಮ ತಂಬಿಗೆ ಹಿಡಿದು ಸ್ವಲ್ಪ ದೂರ ಬಂದವಳು, "ನನ್ನ ಕೈಲೆ ಆಗೂದಿಲ್ರಿ" ಎಂದು ಬನ್ನಿಗಿಡದ ಕೆಳಗೆ ಕೂತುಬಿಟ್ಟಳು. ನಾನೊಬ್ಬನೇ ಜೋಳದ ಸಾಲಿಗಿಳಿದೆ.

ರೂಢಿಯಂತೆ "ಹುಲ್ಲುಲ್ಲಿಗೋ" ಎಂದೆ. ಹಿಂದಿನಿಂದ ಉತ್ತರ ಬಂತು. ಕೊನೆಯ ಅಕ್ಷರವನ್ನು ಎಳೆಯುವ ಅವನದೇ ರೀತಿ. ಜೊತೆಗೇ ಬೆನ್ನಿಗೆ ತಣ್ಣನೆಯ ನೀರು.

ತಿರುಗಲು ನನ್ನಿಂದಾಗಲಿಲ್ಲ. ದೆವ್ವದ ಹೆದರಿಕೆಯಲ್ಲ, ಅವನೇ ನಿಂತಿದ್ದರೆ ಯಾವ ಮುಖ ತೋರಿಸಲಿ? ಕೂಗುತ್ತಲೇ ಹೋದೆ, ಆ ದನಿ ಓಗೊಡುತ್ತಲೇ ಬಂತು. ಬದು ಮುಟ್ಟಿದಾಗ ನಿಂತುಹೋಯಿತು. ಆಮೇಲೆ ತಿರುಗಿದೆ. ಜೋಳ ಬಿಟ್ಟರೆ ಏನೂ ಇರಲಿಲ್ಲ. ಬನ್ನಿಗಿಡದ ಕಡೆಗೆ ಮರಳಿದೆ.

"ಅಂಗಿ ಹಿಂದ ಯಾಕ ತೊಯ್ದೈತ್ರಿ?" ಎಂದಳು ಹುಲಿಗೆಮ್ಮ.

"ಬೆವರು."

"ಈ ಥಂಡ್ಯಾಗ?"

ಅವಳ ಪಕ್ಕದಲ್ಲಿ ತಂಬಿಗೆ ತುಂಬಿದ್ದು ತುಂಬಿದಂತೆಯೇ ಇತ್ತು.

ಈಗ ನನ್ನ ಹಿಂದೆ ನೀರು ಚಿಮುಕಿಸುವವಳು ಅವಳೇ. ಆ ದನಿ ಮತ್ತೆ ಕೇಳಿಲ್ಲ. ದುಃಖಕ್ಕೆ ಕಿವಿ ಮೋಸ ಹೋಗಿರಬಹುದು ಎಂದುಕೊಳ್ಳುತ್ತೇನೆ, ಅಂಗಿಯ ಒದ್ದೆಗೆ ಮಾತ್ರ ಉತ್ತರ ಸಿಗುವುದಿಲ್ಲ. ಬಂದವನು ಅವನೇ ಆಗಿದ್ದರೆ, ಬಂದದ್ದು ಯಾಕೆಂದೂ ತಿಳಿಯದು. ಒಂದು ಮಾತ್ರ ಗೊತ್ತು. ಹೋಗು ಎಂದು ಕಳಿಸಿದ ನಾನು, ಬಂದವನಿಗೆ ಬಾ ಎನ್ನಲಿಲ್ಲ.